ಲೀಸಿನ ಮೇಲೆ ಕಟ್ಟಿದ ಊರು: ಕುದುರೆಮುಖ ಟೌನ್‌ಶಿಪ್ ಖಾಲಿಯಾದ ಕತೆ

ಕಳಸದ ಕಡೆಯಿಂದ ಕುದುರೆಮುಖಕ್ಕೆ ಹೋಗುವಾಗ ಚೆಕ್‌ಪೋಸ್ಟಲ್ಲಿ ಗಾಡಿ ನಂಬರ್ ಬರ್ಕೊಂಡು, ಟೈಮ್ ಹಾಕಿ ಒಂದು ಚೀಟಿ ಕೊಡ್ತಾರೆ. ಆ ಕಡೆ ಗೇಟಿಗೆ ಇಂತಿಷ್ಟು ಹೊತ್ತೊಳಗೆ ಮುಟ್ಟಬೇಕು, ಮಧ್ಯ ಕಾಡಲ್ಲಿ ಎಲ್ಲೂ ನಿಲ್ಲಿಸಂಗಿಲ್ಲ, ಪ್ಲಾಸ್ಟಿಕ್ ಬಿಸಾಕಂಗಿಲ್ಲ, ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಅಂತೂ ರಸ್ತೇನೇ ಬಂದ್. ನ್ಯಾಷನಲ್ ಪಾರ್ಕ್ ರೂಲ್ಸು, ಸರಿಯೇ. ಆದ್ರೂ ಆ ಚೀಟಿ ಕೈಗೆ ಬಂದಾಗೆಲ್ಲ ನಂಗೊಂಥರ ಆಗುತ್ತೆ, ಯಾಕಂದ್ರೆ ಆ ಎರಡು ಗೇಟಿನ ಮಧ್ಯ ಇರೋದು ಬರೀ ಕಾಡಲ್ಲ ಮಾರಾಯ್ರೆ, ಒಂದು ಇಡೀ ಪೇಟೆ ಇದೆ. ಆಸ್ಪತ್ರೆ ಬಿಲ್ಡಿಂಗು, ಸ್ಕೂಲು, ಮಾರ್ಕೆಟ್ಟು, ಆಟದ ಮೈದಾನ, ಸಾಲು ಸಾಲು ಕ್ವಾರ್ಟರ್ಸು. ಜನ ಮಾತ್ರ ಇಲ್ಲ.

ಇಲ್ಲ ಅಂದ್ರೆ ಒಂದು ನರಪಿಳ್ಳೇನೂ ಇಲ್ಲ ಅಂತಲ್ಲ. ಗೆಸ್ಟ್ ಹೌಸ್ ಇದೆ, ಪೊಲೀಸ್ ಸ್ಟೇಷನ್ ಇದೆ, ಕಾವಲಿಗೆ ಸೆಕ್ಯುರಿಟಿಯೋರು, ಆಫೀಸಿಗೆ ಒಂದಿಷ್ಟು ಸ್ಟಾಫು, ಟೀ ಅಂಗಡಿ, ಬಂದು ಹೋಗೋ ಬಸ್ಸು. ಯೂಟ್ಯೂಬ್ ಹುಡುಗ್ರು ಡ್ರೋನ್ ಹಾರಿಸಿ ‘ದೆವ್ವದ ಊರು’ ಅಂತ ಹಾಕಿದಾಗ ಸಂಸೆ ಕಡೆಯವ್ರು ನಾವು ನಗೋದು ಅದಕ್ಕೆ. ನಮ್ಮ ರೆವಿನ್ಯೂ ರೆಕಾರ್ಡಲ್ಲಿ ಜನ ಬಿಟ್ಟುಹೋದ ಊರಿಗೆ ‘ಬೇಚರಾಕ್ ಗ್ರಾಮ’ ಅಂತ ಒಂದು ಹಳೇ ಹೆಸರಿದೆ, ಪಾರ್ಸಿ ಮಾತು, ಚಿರಾಗ್ ಅಂದ್ರೆ ದೀಪ, ದೀಪ ಹಚ್ಚೋರಿಲ್ಲದ ಊರು ಅಂತ ಅರ್ಥ. ಆ ಲೆಕ್ಕದಲ್ಲಿ ಕುದುರೆಮುಖ ಬೇಚರಾಕೂ ಅಲ್ಲ, ಅಲ್ಲಲ್ಲಿ ದೀಪ ಇದೆ. ಆದ್ರೆ ಒಂದು ಕಾಲದಲ್ಲಿ ರಾತ್ರಿ ಹೊತ್ತು ನಮ್ಮ ಗುಡ್ಡದ ನೆತ್ತಿಯಿಂದ ನೋಡಿದ್ರೆ ಆ ಕಡೆ ಆಕಾಶ ಹಳದಿ ಆಗಿ ಕಾಣ್ತಿತ್ತು. ಅಷ್ಟು ದೀಪ ಇದ್ದ ಊರದು.

ನಾನಿಲ್ಲಿ ಬರೀತಿರೋದು ಕಬ್ಬಿಣದ ಗಣಿಗೋಸ್ಕರ ಕಟ್ಟಿದ ಆ ಊರು ಹೇಗೆ ಹುಟ್ಟಿತು, ಯಾಕೆ ಹೋಯ್ತು ಅನ್ನೋದರ ಪೂರ್ತಿ ಕತೆ. ನಮ್ಮ ಚಿಕ್ಕಪ್ಪ ಅಲ್ಲಿ ಪರ್ಮನೆಂಟ್ ಆಗಿದ್ರು, ಅಪ್ಪ ವಾರಕ್ಕೊಮ್ಮೆ ಅಲ್ಲಿಗೆ ತರಕಾರಿ ಹೊರ್ತಿದ್ರು, ಹಂಗಾಗಿ ಸ್ವಲ್ಪ ನಮ್ಮನೆ ಕತೇನೂ ನುಗ್ಗುತ್ತೆ, ಸಹಿಸ್ಕೊಳ್ಳಿ.

ಮೊದಲು ಜಾಗ ಎಲ್ಲಿ ಅಂತ ಹೇಳ್ಬಿಡ್ತೀನಿ, ಸುಮಾರು ಜನ ಬೆಟ್ಟಾನೂ ಊರನ್ನೂ ಒಂದೇ ಅಂದ್ಕೊಂಡಿರ್ತಾರೆ. ಕುದುರೆಮುಖ ಅನ್ನೋದು ಮೊದಲಿಗೆ ಶಿಖರದ ಹೆಸರು, ಸುಮಾರು 1,890 ಮೀಟರ್ ಎತ್ತರ, ಕರಾವಳಿ ಕಡೆಯಿಂದ ನೋಡಿದ್ರೆ ಕುದುರೆ ಮೂತಿ ಥರ ಕಾಣುತ್ತೆ ಅಂತ ಆ ಹೆಸರು. ಘಟ್ಟದ ಮೇಲಿನ ನಮಗೆ ಅದು ಕುದುರೆ ಥರ ಕಾಣೋದೇ ಇಲ್ಲ, ಹಿಂದಿನೋರು ಅದನ್ನ ಸಂಸೆಪರ್ವತ ಅಂತಿದ್ರು, ಸಂಸೆ ಮೇಲಿಂದ ಹತ್ತೋ ಬೆಟ್ಟ ಅಲ್ವಾ. ಟ್ರೆಕ್ಕಿಂಗ್ ಮಾಡೋರು ಈಗ್ಲೂ ಮುಳ್ಳೋಡಿಯಿಂದ ಹತ್ತೋದು. ಊರು ಇರೋದು ಬೇರೆ ಕಡೆ, ಭದ್ರಾ ಹೊಳೆ ಪಕ್ಕದ ಕಣಿವೇಲಿ, ಕಾರ್ಕಳ–ಕಳಸ ರಸ್ತೇಲಿ. ಕಳಸದಿಂದ ಸುಮಾರು 20 ಕಿಲೋಮೀಟರ್, ಕಾರ್ಕಳದಿಂದ 50ರ ಹತ್ರ, ಚಿಕ್ಕಮಗಳೂರಿಂದ ನೂರಕ್ಕೆ ಸ್ವಲ್ಪ ಕಮ್ಮಿ. ಆ ಜಾಗದ ನಿಜವಾದ ಹೆಸರು ಮಲ್ಲೇಶ್ವರ. ಮೊದಲು ಮೂಡಿಗೆರೆ ತಾಲೂಕು, ಈಗ ಕಳಸ ತಾಲೂಕು. ಕಾರ್ಕಳ ಕಡೆಯಿಂದ ಬಂದ್ರೆ ಬಜಗೋಳಿ ದಾಟಿ, ಮಾಳ ಘಾಟಿ ಹತ್ತಿ, ಎಸ್.ಕೆ. ಬಾರ್ಡರಲ್ಲಿ ಶೃಂಗೇರಿ ರಸ್ತೆ ಎಡಕ್ಕೆ ಬಿಟ್ಟು ಬಲಕ್ಕೆ ತಿರುಗಿ, ಗಂಗಾಮೂಲ, ಕಡಾಂಬಿ, ಹನುಮನಗುಂಡಿ ಎಲ್ಲ ನೋಡ್ಕೊಂಡು ಬರಬಹುದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಆ ಗಂಗಾಮೂಲದ ಕಡೇನೇ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಊರಿನ ಜಾತಕ ಬರೆದಿದ್ದೇ ಈ ಹೊಳೆಗಳು.

ಗಣಿಗಿಂತ ಮುಂಚೆ ಅಲ್ಲಿ ಏನಿತ್ತು ಅಂದ್ರೆ, ಶೋಲಾ ಕಾಡು (ಗುಡ್ಡದ ಸಂದಿಯಲ್ಲಿ ದಟ್ಟವಾಗಿ ಬೆಳೆಯೋ ಕಾಡು), ಹುಲ್ಲುಗುಡ್ಡ, ಅಲ್ಲೊಂದು ಇಲ್ಲೊಂದು ಮಲೆಕುಡಿಯರ ಮನೆ, ಗೌಡ್ಲು ಮನೆ (ಇಬ್ರೂ ಇಲ್ಲಿಯ ಬುಡಕಟ್ಟಿನೋರು), ಒಂದೆರಡು ಗದ್ದೆ ಕೋಗು. ವರ್ಷಕ್ಕೆ 6–7 ಸಾವಿರ ಮಿಲಿಮೀಟರ್ ಮಳೆ ಬೀಳೋ ಜಾಗ. ಜೂನಲ್ಲಿ ಹಿಡಿದ್ರೆ ಸೆಪ್ಟೆಂಬರ್ ತನಕ ಸೂರ್ಯ ಅನ್ನೋನು ನೆಂಟರ ಥರ ಬಂದು ಹೋಗ್ತಾನೆ. ಇಂಥ ಕಡೆ ಪೇಟೆ ಕಟ್ಟಬೇಕು ಅಂತ ಬುದ್ಧಿ ಸರಿ ಇದ್ದೋರ್ಯಾರಿಗೂ ಅನಿಸಲ್ಲ, ಕಬ್ಬಿಣ ಇದ್ರೆ ಮಾತ್ರ ಅನ್ಸುತ್ತೆ.

ಕಬ್ಬಿಣ ಇದೆ ಅಂತ ಗೊತ್ತಾಗಿದ್ದು 1913ರಲ್ಲೇ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು ಹುಡುಕಿದ್ದು. ಆದ್ರೆ ಅದು ಬಳ್ಳಾರಿ ಕಡೆ ಸಿಗೋ ಥರ ಅಗೆದು ಲಾರಿಗೆ ತುಂಬಿ ಮಾರೋ ಅದಿರಲ್ಲ. ಮ್ಯಾಗ್ನಟೈಟ್ ಅಂತಾರೆ, ಅದರಲ್ಲಿ ಕಬ್ಬಿಣ ಇರೋದು ಶೇ. 38ರ ಆಸುಪಾಸು. ಹಂಗೇ ತಗೊಳ್ಳೋರಿಲ್ಲ. ಪುಡಿ ಮಾಡಿ, ನೀರಲ್ಲಿ ಅರೆದು, ಮ್ಯಾಗ್ನೆಟ್‌ನಿಂದ ಕಬ್ಬಿಣದ ಪುಡಿ ಎಳೆದು ತೆಗೆದ್ರೆ ಶೇ. 67ರ ಹತ್ರ ಬರುತ್ತೆ, ಆಗ ಅದಕ್ಕೆ ರೇಟು. ಅದಕ್ಕೆ ಭಾರೀ ಮಿಷಿನ್ನು, ಭಾರೀ ನೀರು, ಭಾರೀ ದುಡ್ಡು ಬೇಕು. ಮಿಷಿನ್ನಿಗೂ ದುಡ್ಡಿಗೂ ಕಾಯ್ತಾ ಕಾಯ್ತಾ ಅರವತ್ತು ವರ್ಷ ಆಯ್ತು, ನೀರಂತೂ ದಂಡಿಯಾಗಿ ಇತ್ತು.

ದುಡ್ಡು ಬಂದಿದ್ದು ಎಲ್ಲಿಂದ ಅಂದ್ರೆ ಈಗಿನ ಹುಡುಗ್ರು ನಂಬಲ್ಲ, ಇರಾನಿಂದ. 1975ರಲ್ಲಿ ಇರಾನಿನ ಷಾ ಸರ್ಕಾರಕ್ಕೂ ನಮ್ಮ ಸರ್ಕಾರಕ್ಕೂ ಒಪ್ಪಂದ ಆಯ್ತು, 63 ಕೋಟಿ ಡಾಲರ್ ಸಾಲ, ಬದಲಿಗೆ ಅವರ ಉಕ್ಕಿನ ಕಾರ್ಖಾನೆಗೆ ಇಲ್ಲಿಂದ ವರ್ಷಕ್ಕೆ 75 ಲಕ್ಷ ಟನ್ ಅದಿರು ಪುಡಿ. 1976ರ ಏಪ್ರಿಲ್ 2ಕ್ಕೆ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರು. ಗುಡ್ಡ ಕಡಿದ್ರು, ರಸ್ತೆ ಮಾಡಿದ್ರು, ಮಲ್ಲೇಶ್ವರದಲ್ಲಿ ಪೇಟೆ ಎದ್ದಿತು. ಎಲ್ಲ ರೆಡಿ ಆಗ್ತಾ ಬರುವಾಗ, 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಹೊಸ ಸರ್ಕಾರಕ್ಕೆ ಈ ಅದಿರು ಬೇಡ. ಮದುವೆಗೆ ಚಪ್ಪರ ಹಾಕಿ ಆದ್ಮೇಲೆ ಗಂಡಿನ ಕಡೆಯೋರು ಒಲ್ಲೆ ಅಂದಂಗೆ. 1980ಕ್ಕೆ ಕಾರ್ಖಾನೆ ರೆಡಿ, ಕೊಳ್ಳೋರಿಲ್ಲ. ಆಮೇಲೆ ಅಲ್ಲಿ ಇಲ್ಲಿ ಗಿರಾಕಿ ಹುಡುಕಿ, ಮಂಗಳೂರು ಹತ್ರದ ಪಣಂಬೂರಲ್ಲಿ ಪುಡಿಯನ್ನ ಉಂಡೆ ಮಾಡೋ ಪೆಲೆಟ್ ಪ್ಲಾಂಟ್ ಕಟ್ಟಿ (ಅದು ಶುರುವಾಗಿದ್ದು 1987ರಲ್ಲಿ), ಜಪಾನು, ಚೀನಾ ಕಡೆ ಕಳಿಸಿ ನಡೆಸಿದ್ರು. ನನ್ನ ಕೇಳಿದ್ರೆ ಈ ಕತೆಯ ಮೊದಲ ಪಾಠ ಇಲ್ಲೇ ಇದೆ. ಊರು ನಿಂತಿದ್ದು ಅಲ್ಲಿನ ಜನರ ಅಗತ್ಯಕ್ಕಲ್ಲ, ಸಮುದ್ರದಾಚೆ ಯಾರದೋ ಅಗತ್ಯಕ್ಕೆ, ಆ ಅಗತ್ಯ ಊರು ಹುಟ್ಟೋಕೆ ಮೊದಲೇ ಒಂದ್ಸಲ ಕೈಕೊಟ್ಟಿತ್ತು.

ಕೆಲಸ ನಡೀತಿದ್ದದ್ದು ಹೇಗೆ ಅಂತ ಚಿಕ್ಕಪ್ಪ ಹೇಳ್ತಿದ್ರು. ಗುಡ್ಡಕ್ಕೆ ಮದ್ದಿಟ್ಟು ಸಿಡಿಸೋದು, ಮನೆಯಷ್ಟೆತ್ತರದ ಡಂಪರಲ್ಲಿ ತಂದು ಕ್ರಷರ್‌ಗೆ ಸುರಿಯೋದು, ಮಿಲ್ಲಲ್ಲಿ ನೀರು ಹಾಕಿ ಹಿಟ್ಟಿನ ಥರ ಅರೆಯೋದು, ಮ್ಯಾಗ್ನೆಟ್ ಡ್ರಮ್ಮಲ್ಲಿ ಕಬ್ಬಿಣ ಬೇರೆ ಮಾಡೋದು. ಆ ಕಪ್ಪು ಪುಡಿಯನ್ನ ನೀರಲ್ಲಿ ಕಲಸಿ ಗಂಜಿ ಥರ ಮಾಡಿ 67 ಕಿಲೋಮೀಟರ್ ಪೈಪಲ್ಲಿ ಘಟ್ಟ ಇಳಿಸಿ ಪಣಂಬೂರು ಬಂದರಿಗೆ ಬಿಡ್ತಿದ್ರು. ಲಾರಿ ಇಲ್ಲ, ರೈಲಿಲ್ಲ, ಅದಿರು ತಾನೇ ಹರ್ಕೊಂಡು ಸಮುದ್ರಕ್ಕೆ ಹೋಗ್ತಿತ್ತು. ಚಿಕ್ಕಪ್ಪ ಮಿಲ್ ಸೆಕ್ಷನ್ನು, ಹದಿನೆಂಟು ವರ್ಷ ಆ ಶಬ್ದದಲ್ಲಿ ಇದ್ದು ಈಗ ಟೀವಿ ವಾಲ್ಯೂಮ್ ಎಷ್ಟಿಟ್ರೂ ಸಾಲಲ್ಲ. ಇನ್ನು ಕಬ್ಬಿಣ ತೆಗೆದ ಮೇಲೆ ಉಳಿಯೋ ಕೆಸರು? ಅರ್ಧಕ್ಕಿಂತ ಎಷ್ಟೋ ಜಾಸ್ತಿ ಅದೇ ಅಲ್ವಾ. ಅದನ್ನ ಹಿಡಿದಿಡೋಕೆ ಭದ್ರೆಗೆ ಸೇರೋ ಲಕ್ಯಾ ಹೊಳೆಗೆ ಅಡ್ಡ ಒಂದು ಅಣೆಕಟ್ಟು ಕಟ್ಟಿದ್ರು, ಸುಮಾರು 100 ಮೀಟರ್ ಎತ್ತರ. ನೀರು ನಿಲ್ಲಿಸೋಕಲ್ಲ, ಕೆಸರು ನಿಲ್ಲಿಸೋಕೆ. ಕಣಿವೆಗೆ ಕಣಿವೇನೇ ಹೂಳಲ್ಲಿ ತುಂಬಿತು.

ಈಗ ಟೌನ್‌ಶಿಪ್. ಇದನ್ನ ಬರೆಯೋಕೆ ಕೂತ್ರೆ ನಂಗೆ ನಿಲ್ಲಿಸೋಕೆ ಆಗಲ್ಲ. ನಮ್ಮೂರಲ್ಲಿ ಕರೆಂಟು ಮಳೆಗಾಲದಲ್ಲಿ ವಾರಗಟ್ಟಲೆ ಹೋಗ್ತಿತ್ತು, ಅಲ್ಲಿ ಹೋಗ್ತಾನೇ ಇರಲಿಲ್ಲ. ನಲ್ಲಿ ತಿರುಗಿಸಿದ್ರೆ ನೀರು. ಡಾಕ್ಟರು ಯಾವಾಗ್ಲೂ ಇರೋರು. ಒಂದೇ ಸಾಲಿನ ಮನೆಗಳಲ್ಲಿ ಒಡಿಶಾದೋರು, ಬಿಹಾರದೋರು, ಆಂಧ್ರದೋರು, ಮಲಯಾಳಿಗಳು, ಬಯಲುಸೀಮೆಯೋರು, ಕರಾವಳಿಯೋರು. ಅಪ್ಪ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಾಳೆಗೊನೆ, ಕೆಸುವಿನ ಗೆಡ್ಡೆ, ಕಳಲೆ (ಎಳೇ ಬಿದಿರು), ಸೀಸನ್ನಲ್ಲಿ ಜೇನು ಹಾಕ್ಕೊಂಡು ಹೋಗೋರು, ನಾನು ಚೀಲ ಕಾಯೋಕೆ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಆದ್ರೆ ಹಿಂದೀಲಿ ‘ಡೇಢ್ ಸೌ’ ‘ಢಾಯಿ ಸೌ’ ಅಂತ ಲೆಕ್ಕ ಮಾಡೋದು ಕಲಿತಿದ್ರು. ಕಳಲೆ ಎಂತದು ಅಂತ ಗೊತ್ತಿಲ್ಲದ ಹೆಂಗಸ್ರಿಗೆ ಮೂರು ದಿನ ನೀರು ಬದಲಾಯಿಸಿ ನೆನೆಸಬೇಕು ಅಂತ ಕೈಸನ್ನೆಯಲ್ಲಿ ಹೇಳಿಕೊಡ್ತಿದ್ರು. ಸಂಬಳ ಆದ ವಾರ ವ್ಯಾಪಾರ ಜೋರು, ತಿಂಗಳ ಕೊನೇ ವಾರ ಅರ್ಧ ಮೂಟೆ ವಾಪಸ್ಸು.

ಮಕ್ಕಳು ನಾವು ಎಂತ ಮಾಡ್ತಿದ್ವಿ ಅಂದ್ರೆ, ಹಳೇ ಸ್ಪೀಕರ್ ಒಡೆದು ಮ್ಯಾಗ್ನೆಟ್ ತೆಗೆದು ಹೊಳೆ ದಂಡೆ ಮರಳಲ್ಲಿ ಎಳೆಯೋದು, ಕಪ್ಪು ಪುಡಿ ಮೀಸೆ ಥರ ನೆಟ್ಟಗೆ ನಿಂತ್ಕೊಳ್ಳೋದು. ಅದೇ ನಮ್ಮ ಆಟದ ಸಾಮಾನು. ಅದು ಯಾರದೋ ಎಕ್ಸ್‌ಪೋರ್ಟು ಅಂತೆಲ್ಲ ಎಲ್ಲಿ ಗೊತ್ತು.

ಮಳೆಗಾಲದ್ದೇ ಒಂದು ಕತೆ. ಚಿಕ್ಕಮ್ಮ ತೀರ್ಥಹಳ್ಳಿ ಕಡೆಯೋರು, ಮಳೆ ಹೊಸದಲ್ಲ, ಆದ್ರೂ ಮೊದಲ ವರ್ಷ ಅತ್ತುಬಿಟ್ಟಿದ್ರಂತೆ, ಹಾಸಿಗೆ ಬಟ್ಟೆಗೆಲ್ಲ ಬೂಸ್ಟು ಬಂದು. ಬಟ್ಟೆ ಒಣಗಿಸೋಕೆ ಒಂದು ರೂಮೇ ಮೀಸಲು, ಬಲ್ಬು ಉರಿಸಿಟ್ಟು. ಹಿತ್ತಲಲ್ಲಿ ಏನು ಹಾಕಿದ್ರೂ ಕೊಳೀತಿತ್ತು, ಉಂಬಳದ (ಜಿಗಣೆ) ಕಾಟ ಬೇರೆ. ಕೊನೆಗೆ ತವರಿಂದ ಒಂದು ಬಿಳಿ ದಾಸವಾಳದ ಗೆಲ್ಲು ತಂದು ನೆಟ್ರು, ಅದು ಹಿಡೀತು. ಆಮೇಲೆ ಆ ಸಾಲಿನ ಎಲ್ಲ ಮನೆ ಬೇಲಿಗೂ ಅದರದ್ದೇ ಗೆಲ್ಲು ಹೋಯ್ತು.

ಆದ್ರೆ ಒಂದು ವಿಷಯ ನಾವ್ಯಾರೂ ಆಗ ಗಮನಿಸಿರ್ಲಿಲ್ಲ. ಅಷ್ಟೊಂದು ಮನೆ ಇದ್ದ ಊರಲ್ಲಿ ಒಬ್ಬನಾದ್ರೂ ‘ಇದು ನನ್ನ ಮನೆ’ ಅನ್ನೋನಿರ್ಲಿಲ್ಲ. ಕ್ವಾರ್ಟರ್ಸು ಕೆಲಸ ಇರೋ ತನಕ, ಅಂಗಡಿ ಬಾಡಿಗೆ ಇರೋ ತನಕ, ಇಡೀ ನೆಲ ಗಣಿ ಲೀಸು ಇರೋ ತನಕ. ಆ ಲೀಸು ಕಂಪನಿ ಹುಟ್ಟೋಕೆ ಮುಂಚೆ, 1969ರಲ್ಲೇ ಆಗಿದ್ದು, 30 ವರ್ಷದ್ದು. 1999ರ ಜುಲೈಗೆ ಮುಗಿಯೋದು ಅಂತ ಕಾಗದದ ಮೇಲೆ ಬರೆದೇ ಇತ್ತು. ನಮ್ಮ ಕಳಸ ನೋಡಿ, ಕಳಸೇಶ್ವರ ಇದಾನೆ, ಕಾಫಿ ಅಡಿಕೆ ಇದೆ, ಪಕ್ಕದಲ್ಲಿ ಹೊರನಾಡು ಅನ್ನಪೂರ್ಣೇಶ್ವರಿ, ಒಂದು ಹೋದ್ರೆ ಇನ್ನೊಂದು. ಕುದುರೆಮುಖಕ್ಕೆ ಗಣಿ ಬಿಟ್ರೆ ಇನ್ನೊಂದು ಕಸುಬು ಅಂತ ಇರ್ಲೇ ಇಲ್ಲ.

ಇನ್ನೊಂದು ಕಡೆ ಕಾಡಿನ ಕತೆ ಬೇರೆ ನಡೀತಿತ್ತು. 1983–84ರಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸರ್ವೆ ಮಾಡಿ, ಪಶ್ಚಿಮ ಘಟ್ಟದಲ್ಲೇ ಬಹುಶಃ ಅತಿ ದೊಡ್ಡ ಸಿಂಗಳೀಕ ಸಂಸಾರ ಈ ಕಾಡಲ್ಲಿದೆ, ಇದನ್ನ ಉಳಿಸಿದ್ರೆ ಹೊಳೆಗಳೂ ಉಳಿಯುತ್ವೆ ಅಂತ ರಿಪೋರ್ಟ್ ಕೊಟ್ರು. ಅದರ ಮೇಲೆ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಯ್ತು. ಅಂದ್ರೆ ಒಂದು ಕಡೆ ನ್ಯಾಷನಲ್ ಪಾರ್ಕು, ಅದರ ಹೊಟ್ಟೆಯೊಳಗೆ ಗಣಿ. ಒಂದೇ ಗೂಡಲ್ಲಿ ಬೆಕ್ಕು ಇಲಿ ಸಾಕಿದಂಗೆ. ಎಷ್ಟು ದಿನ ನಡೆಯುತ್ತೆ ಹೇಳಿ?

ಹೊಳೆ ಕತೆ ಕಣ್ಣಾರೆ ಕಂಡದ್ದು. ಜೂನ್ ಜುಲೈನಲ್ಲಿ ಭದ್ರೆ ಕೆಂಪಾಗೋದು ಸಹಜ, ಮಲೆನಾಡಿನ ಹೊಳೆ ಎಲ್ಲ ಆಗುತ್ವೆ. ಇದು ಆ ಕೆಂಪಲ್ಲ, ಇಟ್ಟಿಗೆ ಅರೆದು ಸುರಿದಂಗೆ ಇರ್ತಿತ್ತು, ಕಳಸ, ಬಾಳೆಹೊನ್ನೂರು ತನಕಾನೂ. ಗದ್ದೆಗೆ ನೆರೆ ನುಗ್ಗಿದ್ರೆ ನೀರು ಇಳಿದ ಮೇಲೆ ಒಂದು ಪದರ ಸಿಮೆಂಟ್ ಥರ ಕೂತಿರೋದು. ಕೆಳಗೆ ಲಕ್ಕವಳ್ಳಿ ಹತ್ರ ಭದ್ರಾ ಡ್ಯಾಮು, ಅಷ್ಟೂ ಅಲ್ಲಿಗೇ ಹೋಗಬೇಕು. ಹೂಳು ಅಳೆದ ವಿಜ್ಞಾನಿಗಳು ಹೇಳಿದ್ದು ಏನಂದ್ರೆ, ಗಣಿ ಜಾಗ ಅಲ್ಲಿಯ ಜಲಾನಯನದ ಶೇ. 1ಕ್ಕಿಂತ ಕಮ್ಮಿ, ಆದ್ರೆ ಹೊಳೇಲಿ ಹರಿಯೋ ಹೂಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ. ಹಂಗಿರುವಾಗ ಲೀಸು ಮುಂದುವರಿಸಿ, ನೆಲ್ಲಿಬೀಡು ಕಡೆಗೂ ಗಣಿ ಹಬ್ಬಿಸ್ತೀವಿ ಅಂತ ಅರ್ಜಿ ಹೋದಾಗ ಗಲಾಟೆ ಆಗ್ದೆ ಇರುತ್ತಾ. ಒಂದು ಕಡೆ ಪರಿಸರದೋರ ಪಾದಯಾತ್ರೆ, ಭಾಷಣ, ಇನ್ನೊಂದು ಕಡೆ ಕೆಲಸ ಉಳಿಸಿ ಅಂತ ನೌಕರರು. ನಮ್ಮನೇಲೇ ಎರಡು ಪಾರ್ಟಿ. ಅಜ್ಜನಿಗೆ ಗದ್ದೆ ಹಾಳಾಯ್ತು ಅಂತ ಸಿಟ್ಟು, ಚಿಕ್ಕಪ್ಪಂಗೆ ಸಂಬಳ ಹೋಗುತ್ತೆ ಅಂತ ಭಯ, ಊಟಕ್ಕೆ ಕೂತಾಗ ಇಬ್ರೂ ಈ ಮಾತು ಎತ್ತಬಾರದು ಅಂತ ಅಜ್ಜಿ ಆರ್ಡರ್ ಮಾಡಿದ್ರು.

ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ದೇಶದ ಕಾಡಿನ ಕೇಸೆಲ್ಲ ಒಟ್ಟಿಗೆ ನಡೆಯೋ ಗೋದಾವರ್ಮನ್ ಪ್ರಕರಣ ಇದೆಯಲ್ಲ, ಅದರೊಳಗೇ ನಾಗರಹೊಳೆಯ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಅವರು ಹಾಕಿದ ಅರ್ಜಿ. 2002ರ ಅಕ್ಟೋಬರ್ 30ಕ್ಕೆ ಆದೇಶ ಬಂತು, 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್. ಮೂರು ವರ್ಷ ಚಿಲ್ಲರೆ ಟೈಮ್. ಅದಿರು ಖಾಲಿಯಾಗಿ ಸತ್ತ ಗಣಿ ಊರುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ, ಇಲ್ಲಿ ಗುಡ್ಡದ ತುಂಬ ಅದಿರು ಇಟ್ಕೊಂಡೇ ಊರು ಹೋಯ್ತು, ಅದೂ ಕ್ಯಾಲೆಂಡರಲ್ಲಿ ತಾರೀಖು ಗುರುತು ಮಾಡಿ. ತೀರ್ಪು ಸರಿ ಅನ್ನೋದು ನನ್ನ ಅಭಿಪ್ರಾಯ, ಚಿಕ್ಕಪ್ಪನ ಎದುರೂ ಹೇಳಿದೀನಿ. ಆದ್ರೆ ಗಣಿ ಮುಚ್ಚೋದು ಹೇಗೆ ಅಂತ ಎಷ್ಟು ತಲೆ ಕೆಡಿಸ್ಕೊಂಡ್ರೋ, ಊರು ಮುಚ್ಚೋದು ಹೇಗೆ ಅಂತ ಅದರ ಕಾಲು ಭಾಗಾನೂ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ನಾವೂ ಸೇರಿ.

2005 ಅಂದ್ರೆ ನಮ್ಮ ಕಡೆ ಬೇರೇನೂ ಭಯ ಇತ್ತು. ಆ ಫೆಬ್ರವರೀಲಿ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಗಿತ್ತು, ಸಂಜೆ ಆದ್ರೆ ರಸ್ತೇಲಿ ಪೊಲೀಸ್ ಜೀಪು ಬಿಟ್ರೆ ಏನೂ ಇಲ್ಲ. ಪಾರ್ಕಿನ ಒಳಗಿನ ಮಲೆಕುಡಿಯರು, ಗೌಡ್ಲುಗಳಿಗೆ ಎಬ್ಬಿಸ್ತಾರೆ ಅನ್ನೋ ಹೆದರಿಕೆ. ಇಷ್ಟೆಲ್ಲದರ ಮಧ್ಯ ಡಿಸೆಂಬರ್ 31 ಬಂತು. ದೊಡ್ಡ ಸೀನೇನೂ ಆಗ್ಲಿಲ್ಲ. ಜನವರಿ 1ಕ್ಕೆ ಮಿಲ್ಲಿನ ಗುಂಯ್ ಅನ್ನೋ ಶಬ್ದ ಇರ್ಲಿಲ್ಲ ಅಷ್ಟೆ, ಕಿವಿಗೇನೋ ಅಡ್ಡ ಇಟ್ಟಂಗಾಗಿ ಆ ರಾತ್ರಿ ನಿದ್ದೇನೇ ಬರ್ಲಿಲ್ಲ ಅಂತ ಚಿಕ್ಕಮ್ಮ ಈಗ್ಲೂ ಹೇಳ್ತಾರೆ.

ಖಾಲಿ ಆಗಿದ್ದು ಒಂದೇ ದಿನಕ್ಕಲ್ಲ. ಪರ್ಮನೆಂಟ್ ಇದ್ದೋರಲ್ಲಿ ಕೆಲವ್ರು ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡ್ರು, ಕೆಲವ್ರು ಮಂಗಳೂರು ಪ್ಲಾಂಟಿಗೆ ಹೋದ್ರು, ಅದಕ್ಕೆ ಆಮೇಲೆ ಛತ್ತೀಸ್‌ಗಢದ ಬೈಲಾಡಿಲದಿಂದ ಅದಿರು ತರಿಸಿ ನಡೆಸಿದ್ರು. ಚಿಕ್ಕಪ್ಪನೂ 2006ರ ಬೇಸಿಗೇಲಿ, ಮಕ್ಕಳ ಪರೀಕ್ಷೆ ಮುಗಿಸಿ, ಸುರತ್ಕಲ್ ಕಡೆ ಮನೆ ಮಾಡಿದ್ರು. ಸಾಮಾನು ಲಾರೀಲಿ ಹೊರಡೋವಾಗ ನಾನೂ ಇದ್ದೆ. ಪಕ್ಕದ ಮನೆ ಒಡಿಯಾ ಆಂಟಿ ಎರಡು ವಾರ ಮುಂಚೆ ಹೋಗಿದ್ರು, ಹೋಗೋವಾಗ ಅವರ ತುಳಸಿ ಕಟ್ಟೆಗೆ ನೀರು ಹಾಕಿ ಅಂತ ಚಿಕ್ಕಮ್ಮನಿಗೆ ಹೇಳಿದ್ರು, ಚಿಕ್ಕಮ್ಮ ಹೊರಡೋ ದಿನ ಹೇಳೋಕೆ ಆ ಸಾಲಲ್ಲಿ ಯಾರೂ ಉಳಿದಿರ್ಲಿಲ್ಲ.

ನಿಜವಾಗಿ ಮುಳುಗಿದ್ದು ಲೆಕ್ಕಕ್ಕೆ ಸಿಗದೋರು. ಕಾಂಟ್ರಾಕ್ಟ್ ಕೂಲಿಯೋರು, ಹೋಟೆಲಿನೋರು, ಬೇಕರಿ, ಟೈಲರ್, ಮನೆಗೆಲಸದ ಹೆಂಗಸ್ರು, ಜೀಪ್ ಓಡಿಸೋರು, ನಮ್ಮಪ್ಪನ ಥರ ಸಂತೆಗೆ ಬರೋರು. ಇವರಿಗೆ ವಿಆರ್‌ಎಸ್ ಇಲ್ಲ, ಟ್ರಾನ್ಸ್‌ಫರ್ ಇಲ್ಲ, ಗಿರಾಕಿ ಇಲ್ಲ. ಅಪ್ಪ ಒಂದು ವರ್ಷ ಹಂಗೂ ಹಿಂಗೂ ಹೋದ್ರು. ಒಂದು ಭಾನುವಾರ ಎಂಟು ಗೊನೆ ತಗೊಂಡು ಹೋಗಿ ಏಳು ವಾಪಸ್ ತಂದ್ರು, ಬಸ್ ಚಾರ್ಜೂ ಹುಟ್ಲಿಲ್ಲ, ಅವತ್ತಿಗೆ ಬಿಟ್ರು. ಅವರ ಆ ಹಿಂದಿ ಈಗ ಹೊರನಾಡಿಗೆ ಬರೋ ಉತ್ತರ ಭಾರತದ ಟೂರಿಸ್ಟ್‌ಗಳಿಗೆ ದಾರಿ ಹೇಳೋಕೆ ಮಾತ್ರ.

ಇಲ್ಲಿ ನಮ್ಮ ಪಕ್ಕದ ಹಾಸನದ ಶೆಟ್ಟಿಹಳ್ಳೀನ ಒಂದ್ಸಲ ನೆನೆಸ್ಕೊಳ್ಳಬೇಕು. ಗೊರೂರು ಡ್ಯಾಮಿಂದ ಹೇಮಾವತಿ ಹಿನ್ನೀರು ಬಂದು ಊರು ಹೋಯ್ತಲ್ಲ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೇಲಿ ಎದ್ದು ನಿಲ್ಲುತ್ತೆ, ಎಲ್ಲರೂ ಫೋಟೋ ನೋಡಿರ್ತೀರಿ. ಅಲ್ಲಿಯೋರಿಗೆ ಊರು ಹೋದ್ರೂ ಊರಿನೋರು ಅನ್ನೋ ಗುಂಪು ಉಳೀತು. ನೆಲ ಅವರದ್ದಾಗಿತ್ತು, ಪರಿಹಾರ ಕೇಳೋಕೆ ಒಂದು ಪಹಣಿ ಇತ್ತು, ಹಿಂದಿನೋರ ಸಮಾಧಿ ಅಲ್ಲೇ ಇತ್ತು. ಕುದುರೆಮುಖದೋರು ಎಲ್ಲೆಲ್ಲಿಂದಲೋ ಬಂದ್ರು, ಎಲ್ಲೆಲ್ಲಿಗೋ ಹೋದ್ರು. ವಾಟ್ಸಾಪ್ ಗ್ರೂಪ್ ಒಂದಿದೆ, ಸ್ಕೂಲ್ ಹುಡುಗ್ರು ಗೆಟ್-ಟುಗೆದರ್ ಅಂತ ಬರ್ತಾರೆ, ಬಂದು ತಾವಿದ್ದ ಮನೆ ನಂಬರ್ ಹುಡುಕ್ತಾರೆ. ಕಂಪನೀನೂ ತನ್ನ ಹೆಸರನ್ನ ಮೊದಲಕ್ಷರಕ್ಕಿಳಿಸಿ ಕೆಐಓಸಿಎಲ್ ಲಿಮಿಟೆಡ್ ಅಂತ ಮಾಡ್ಕೊಂಡ್ತು, ‘ಕು’ ಅನ್ನೋದು ‘ಕೆ’ ಆಗಿ ಕೂತಿದೆ. ಇನ್ನು ಮೂಲದ ಮಲ್ಲೇಶ್ವರದೋರು? ಅವರ ಊರು ಎರಡು ಸಲ ಹೋದಂಗಾಯ್ತು, ಒಂದ್ಸಲ ಪೇಟೆ ಬಂದಾಗ, ಇನ್ನೊಂದ್ಸಲ ಪೇಟೆ ಹೋದಾಗ.

ಖಾಲಿ ಬಿಲ್ಡಿಂಗಲ್ಲಿ ಏನಾದ್ರೂ ಮಾಡಬಹುದಿತ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಎಕೋ ಟೂರಿಸಂ ಅಂದ್ರು, ಅದೂ ಇದೂ ಅಂದ್ರು, ಪ್ರತೀ ಎಲೆಕ್ಷನ್ನಿಗೆ ಒಂದೊಂದು ಐಡಿಯಾ. ಯಾವುದಕ್ಕೂ ಮೂರು ತೊಡಕು. ಸುತ್ತ ನ್ಯಾಷನಲ್ ಪಾರ್ಕು, 2012ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟೀಲೂ ಇರೋ ಕಾಡು. ನೆಲ ಯಾರದ್ದು, ಯಾರಿಗೆ ವಾಪಸ್ ಬರಬೇಕು, ಕಾಡಿಗಾದ ನಷ್ಟಕ್ಕೆ ಎಷ್ಟು ಕಟ್ಟಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ. 2024ರಲ್ಲಿ ಬಳ್ಳಾರಿಯ ಸಂಡೂರಿನ ದೇವದಾರಿ ಗುಡ್ಡದಲ್ಲಿ ಅದೇ ಕಂಪನಿಗೆ ಗಣಿಗೆ ಅನುಮತಿ ವಿಷಯ ಬಂದಾಗ ರಾಜ್ಯದ ಅರಣ್ಯ ಸಚಿವರು ಮೊದಲು ಕುದುರೆಮುಖದ ಬಾಕಿ ತೀರಿಸಿ ಅಂತ ತಕರಾರು ಎತ್ತಿದ್ರು, ಪೇಪರಲ್ಲೆಲ್ಲ ಬಂತು. ಮೂರನೇ ತೊಡಕು ಮಳೆ. ಕಾಯಿದೆ ಕಾಗದ ಎಲ್ಲ ಸರಿಯಾಗೋ ತನಕ ಅದು ಕಾಯಲ್ಲ. ನಮ್ಮ ಕಡೆ ಮನೇಲಿ ಒಲೆ ಉರೀತಾ ಇದ್ರೂನೇ ಗೋಡೆ ಥಂಡಿ ಹಿಡಿಯುತ್ತೆ, ಒಲೆ ಆರಿದ ಮನೆ ನಾಲ್ಕು ಮಳೆಗಾಲಕ್ಕೆ ಪಾಚಿ, ಹತ್ತಕ್ಕೆ ಅರಳಿ ಗಿಡ, ಆಮೇಲೆ ಸೂರು.

ಇನ್ನು ಲಕ್ಯಾ ಡ್ಯಾಮು. ಪೇಟೆಗೆ ಬೀಗ ಹಾಕಿ ಹೋಗಬಹುದು, ಆ ಕೆಸರಿನ ಗೋಡೆ ಬಿಟ್ಟು ಹೋಗೋ ಹಂಗಿಲ್ಲ. ಹಿಂದೆ ಅಷ್ಟೂ ವರ್ಷದ ಹೂಳು ಬಯಲಿನ ಥರ ಹರಡಿದೆ, ಮೇಲೆ ಹುಲ್ಲು ಬೆಳೆದಿದೆ, ಕಾಟಿ (ಕಾಡುಕೋಣ) ಮೇಯುತ್ವೆ. ನೋಡೋಕೆ ಚಂದ. ಆದ್ರೆ ಪ್ರತೀ ಮಳೆಗಾಲ ನೀರು ಸರಿಯಾಗಿ ಇಳಿದು ಹೋಗ್ತಿದೆಯಾ ಅಂತ ಯಾರಾದ್ರೂ ನೋಡ್ಲೇಬೇಕು, ಈ ವರ್ಷ, ಮುಂದಿನ ವರ್ಷ, ನಮ್ಮ ಮೊಮ್ಮಕ್ಕಳ ಕಾಲಕ್ಕೂ. ಗಣಿ ನಡೆದಿದ್ದು ಇಪ್ಪತ್ತೈದು ವರ್ಷ, ಕಾಯೋ ಕೆಲಸಕ್ಕೆ ಲೀಸ್ ಪೀರಿಯಡ್ ಇಲ್ಲ. ಕುದುರೆಮುಖದ ಬಗ್ಗೆ ಯಾರೇ ಕೇಳಿದ್ರೂ ನಾನು ದೆವ್ವದ ಮನೆ ತೋರಿಸಲ್ಲ, ಇದನ್ನ ಹೇಳ್ತೀನಿ.

ಹೊಳೆ ಮಾತ್ರ ತಿಳಿಯಾಗಿದೆ. ಅಕ್ಟೋಬರಲ್ಲಿ ನೋಡಿ, ತಳದ ಕಲ್ಲು ಕಾಣುತ್ತೆ. ಅಜ್ಜ ಇದ್ದಿದ್ರೆ ಚಿಕ್ಕಪ್ಪನ ಕರ್ಕೊಂಡು ಹೋಗಿ ತೋರಿಸ್ತಿದ್ರು, ಗ್ಯಾರಂಟಿ.

ಕಳೆದ ದೀಪಾವಳಿ ಮುಗಿಸಿ ಹೋಗಿದ್ದೆ. ಚಿಕ್ಕಮ್ಮ ಸುರತ್ಕಲ್ಲಿಂದ ಫೋನಲ್ಲಿ, ‘ಹೆಂಗೂ ಹೋಗ್ತಿದ್ದಿಯಲ್ಲ ಮಗಾ, ಆ ಬಿಳಿ ದಾಸವಾಳ ಇದ್ರೆ ಒಂದು ಗೆಲ್ಲು ತಾ, ಇಲ್ಲಿ ನರ್ಸರೀಲಿ ಸಿಗೋದೆಲ್ಲ ಹೈಬ್ರಿಡ್ಡು’ ಅಂದ್ರು. ಸೆಕ್ಯುರಿಟಿಯೋರಿಗೆ ಹೇಳಿ ಒಳಗೆ ಹೋದೆ. ಮನೆ ಬಾಗ್ಲಿಗೆ ಹಲಗೆ ಹೊಡೆದಿದ್ರು, ನಂಬರ್ ಅಳಿಸಿದೆ, ಬಟ್ಟೆ ಒಣಗಿಸೋ ರೂಮಿನ ಸೂರು ಕೂತಿದೆ. ದಾಸವಾಳ ಬೇಲಿ ದಾಟಿ, ಪಕ್ಕದ ಒಡಿಯಾ ಆಂಟಿ ಮನೆ ತುಳಸಿ ಕಟ್ಟೆ ಮುಚ್ಚಿ, ರಸ್ತೆ ತನಕ ಬಂದಿತ್ತು, ತುಂಬ ಹೂವು. ಮೂರು ಗೆಲ್ಲು ಮುರಿದು ಒದ್ದೆ ಬಟ್ಟೇಲಿ ಸುತ್ತಿ ಡಿಕ್ಕಿಗೆ ಹಾಕಿದೆ.

ಗೇಟಲ್ಲಿ ಚೀಟಿ ವಾಪಸ್ ಕೊಡೋವಾಗ ಡಿಕ್ಕಿ ತೆಗೆಸಿದ್ರು. ಹೊಸ ಹುಡುಗ, ಪಾಪ, ಮರ್ಯಾದೆಯಿಂದಲೇ ಮಾತಾಡಿದ. ‘ಇದೆಂತ ಸಾರ್?’

‘ದಾಸವಾಳ. ನಮ್ಮ ಚಿಕ್ಕಮ್ಮ ನೆಟ್ಟದ್ದು, ಕ್ವಾರ್ಟರ್ಸಲ್ಲಿ.’

‘ಕಾಡೊಳಗಿಂದ ಗಿಡ ಗೆಲ್ಲು ಏನೂ ತಗೊಂಡು ಹೋಗಂಗಿಲ್ಲ ಸಾರ್.’

ಕಾಡಿಂದಲ್ಲ ಅಂತ ಹೇಳೋಕೆ ಬಾಯಿ ತೆಗೆದೆ. ಹಿಂದೆ ಎರಡು ಗಾಡಿ ನಿಂತಿತ್ತು, ಟೈಮು ಐದೂಮುಕ್ಕಾಲು. ಗೆಲ್ಲು ಮೂರೂ ಅವನ ಕೈಗೆ ಕೊಟ್ಟೆ. ಅವನು ಅದನ್ನ ಚೆಕ್‌ಪೋಸ್ಟಿನ ಪಕ್ಕ, ನೀರು ಹರಿಯೋ ಚರಂಡಿ ಅಂಚಿಗೆ ಒರಗಿಸಿಟ್ಟು, ಗೇಟಿನ ಕೋಲು ಎತ್ತಿದ.